ಬಲಗಾಲಿಗೆ ಮಾತ್ರ ಬೇಸಿಗೆ

ಹೋದ ವಾರ ಇಸ್ತ್ರಿ ಅಂಗಡಿಯವ್ನು ನನ್ನ ಪ್ಯಾಂಟನ್ನ ಬೆಳಕಿಗೆ ಹಿಡಿದು ತಿರುಗಿಸಿ ಮುರುಗಿಸಿ ನೋಡಿ, "ಸಾರ್, ಬಲಗಾಲಿಗೆ ಮಾತ್ರ ಮನೇಲೇ ಐರನ್ ಹಾಕ್ಕೊಂಡು ಬರ್ತೀರಾ?" ಅಂತ ಕೇಳಿದ. ತಮಾಷೆಗಲ್ಲ, ನಿಜವಾಗ್ಲೂ ಕೇಳಿದ. ಮೊಣಕಾಲಿಂದ ಕೆಳಗೆ ಬಟ್ಟೆ ಬಣ್ಣ ಹೋಗಿ, ಗರಿಗರಿಯಾಗಿ, ಹಪ್ಪಳದ ಥರ ಆಗಿತ್ತು. ಎಡಗಾಲು ಮಾತ್ರ ಹೊಸ ಪ್ಯಾಂಟಿನ ಥರಾನೇ ಇತ್ತು. ಏನಂತ ಹೇಳ್ಲಿ ಅವನಿಗೆ, ನನ್ನ ಬೈಕೇ ಐರನ್ ಬಾಕ್ಸು ಮಾರಾಯ, ನಿನ್ನ ಹೊಟ್ಟೆ ಮೇಲೆ ಹೊಡೀತಾ ಇದೆ ಅಂತ ಹೇಳಬೇಕಿತ್ತು.

ಈಗ ಬಲಗಾಲನ್ನ ಸ್ಟೂಲ್ ಮೇಲಿಟ್ಟು, ಮೀನಖಂಡಕ್ಕೆ ಮುಲಾಮು ಮೆತ್ಕೊಂಡು ಕೂತು ಇದನ್ನ ಟೈಪ್ ಮಾಡ್ತಾ ಇದೀನಿ. ಉರಿ ಇನ್ನೂ ಹೋಗಿಲ್ಲ, ಅದಕ್ಕೇ ಭಾಷೆ ಅಲ್ಲಲ್ಲಿ ಸ್ವಲ್ಪ ಖಾರ ಆದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಬೆಂಗಳೂರಿನ ಬಿಸಿಲು ಅಂದ್ರೆ ಸಾಕು, ನಮ್ಮ ಆಫೀಸಲ್ಲಿ ಪಕ್ಕದ ಸೀಟಿನ ರಾಯಚೂರಿನ ಹುಡುಗ ಬಿದ್ದು ಬಿದ್ದು ನಗ್ತಾನೆ. "ಇದೇನ್ ಬಿಸಲ್ರೀ ಸರ, ನಮ್ಮ ಕಡೆ ಇಂಥಾದಕ್ಕ ಸ್ವೆಟರ್ ಹಾಕ್ಕೋತಾರ" ಅಂತಾನೆ. ಇರಲಿ ಬಿಡಪ್ಪ, 2016ರ ಏಪ್ರಿಲಲ್ಲಿ ಇಲ್ಲೂ 39.2 ಡಿಗ್ರಿ ಮುಟ್ಟಿತ್ತು ಅಂತ ನಾನು ಯಾವಾಗ್ಲೂ ಅದೇ ಒಂದು ಅಂಕಿ ಹಿಡ್ಕೊಂಡು ವಾದ ಮಾಡ್ತೀನಿ. ಆದ್ರೆ ಅವನು ಬರೋದು ಆಫೀಸ್ ಕ್ಯಾಬಲ್ಲಿ, ಏಸಿ ಹಾಕ್ಕೊಂಡು. ನನಗೆ ಮೇಲಿಂದ ಸೂರ್ಯ, ಕೆಳಗಿಂದ ಟಾರ್ ರೋಡು, ಅದರ ಜೊತೆ ಎರಡು ತೊಡೆ ಮಧ್ಯೆ ಒಂದು ಒಲೆ. ರಾಯಚೂರಲ್ಲೂ ಒಲೆ ಮೇಲೆ ಕೂತು ಯಾರೂ ಆಫೀಸಿಗೆ ಹೋಗಲ್ಲ.

ಗಾಡಿ ಓಡ್ತಾ ಇದ್ರೆ ಏನೂ ಗೊತ್ತಾಗಲ್ಲ, ಗಾಳಿ ಬಿಸಿನೆಲ್ಲ ಹಿಂದಕ್ಕೆ ಒಯ್ದುಬಿಡುತ್ತೆ. ಕಷ್ಟ ಇರೋದೆಲ್ಲ ನಿಂತಾಗ, ಮತ್ತೆ ಔಟರ್ ರಿಂಗ್ ರೋಡಲ್ಲಿ ನಾನು ಓಡೋದಕ್ಕಿಂತ ನಿಲ್ಲೋದೇ ಜಾಸ್ತಿ. ಎರಡು ನಿಮಿಷ ನಿಂತ್ರೆ ಸಾಕು, ಎಂಜಿನ್ ತಂಪು ಮಾಡೋಕೆ ಅಂತ ಹರಿಯೋ ಕೂಲೆಂಟ್ ನೂರು ಡಿಗ್ರಿ ಹತ್ರ ಹೋಗುತ್ತೆ, ರೇಡಿಯೇಟರ್ ಹಿಂದಿರೋ ಫ್ಯಾನು ಗುಂಯ್ ಅಂತ ಶುರುವಾಗುತ್ತೆ. ಫ್ಯಾನ್ ಅಂದ ತಕ್ಷಣ ತಂಪು ಅಂದ್ಕೋಬೇಡಿ. ಅದು ಎಂಜಿನ್‌ಗೆ ತಂಪು, ನಮಗಲ್ಲ. ಎಂಜಿನ್ನಿನ ಬಿಸಿನೆಲ್ಲ ಗುಡಿಸಿ ತಂದು ನನ್ನ ಬಲಗಾಲಿನ ಮೇಲೆ ಸುರಿಯುತ್ತೆ. ಬೀಗದಕೈ ತೆಗೆದ ಮೇಲೂ ಸ್ವಲ್ಪ ಹೊತ್ತು ಓಡ್ತಾನೇ ಇರುತ್ತೆ, ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಅಣ್ಣ ದಿನಾ ಸಂಜೆ ತಪ್ಪದೆ ಓಡಿ ಬಂದು "ಸಾರ್, ಗಾಡಿ ಆಫ್ ಮಾಡೋದು ಮರ್ತಿದೀರ" ಅಂತಾರೆ. ಎರಡು ವರ್ಷ ಆಯ್ತು. ಮೊದಮೊದಲು ವಿವರಿಸ್ತಿದ್ದೆ, ಈಗ "ಥ್ಯಾಂಕ್ಸ್ ಅಣ್ಣ" ಅಂತೀನಿ ಅಷ್ಟೇ.

ಲೀಟರ್ ಪೆಟ್ರೋಲಿಗೆ ನೂರು ರೂಪಾಯಿ ಮೇಲೆ ಕೊಡ್ತೀವಲ್ಲ, ಅದರಲ್ಲಿ ಚಕ್ರ ತಿರುಗಿಸೋಕೆ ಹೋಗೋದು ಹೆಚ್ಚು ಕಮ್ಮಿ ಕಾಲು ಭಾಗ ಅಂತೆ, ಮಿಕ್ಕಿದ್ದೆಲ್ಲ ಬಿಸಿಯಾಗಿ ಹೋಗೋದು. ಅಂದ್ರೆ ಪ್ರತಿ ಲೀಟರಲ್ಲಿ ಎಪ್ಪತ್ತು ಎಪ್ಪತ್ತೈದು ರೂಪಾಯಿ ನಾನು ಕೈಯಾರೆ ಕೊಟ್ಟು ಕಾಲು ಸುಡಿಸ್ಕೋತಾ ಇದೀನಿ. ಸಾಲದು ಅಂತ 2020ರ ಏಪ್ರಿಲಿಂದ ಬಿಎಸ್ 6 ಅನ್ನೋ ಹೊಗೆ ನಿಯಮ ಬಂತು, ಹೊಗೆ ಕ್ಲೀನ್ ಮಾಡೋಕೆ ಎಗ್ಸಾಸ್ಟ್ ಪೈಪಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಅಂತ ಒಂದು ಡಬ್ಬ, ಅದು ಸುಮಾರು ಮುನ್ನೂರು ಡಿಗ್ರಿ ಕಾಯೋವರೆಗೂ ಕೆಲಸಾನೇ ಸರಿಯಾಗಿ ಮಾಡಲ್ಲ. ಬೇಗ ಕಾಯಲಿ ಅಂತ ಎಂಜಿನ್ ಹತ್ರಾನೇ ಕೂರಿಸಿರ್ತಾರೆ, ಅಂದ್ರೆ ನನ್ನ ಪಾದದ ಹತ್ರ. ಊರಿನ ಗಾಳಿ ಶುದ್ಧ ಆಗ್ಲಿ ಅಂತ ನನ್ನ ಕಾಲು ಸುಡ್ತಾ ಇದೆ ಅಂತ ಹೆಮ್ಮೆ ಪಡೋಣ ಅಂದ್ರೆ, ಮುಂದೆ ನಿಂತಿರೋ ನೀರಿನ ಟ್ಯಾಂಕರ್ ಒಂದೇ ಸಲಕ್ಕೆ ಅಷ್ಟೂ ಹೊಗೆ ಮುಖಕ್ಕೆ ಬಿಟ್ಟು ಹೋಗುತ್ತೆ.

ಸರ್ವಿಸ್ ಸೆಂಟರಲ್ಲಿ ಕೇಳ್ದೆ. ಅಲ್ಲೊಬ್ಬ ಅಡ್ವೈಸರ್ ಇದಾರೆ, ಅವರ ಬಾಯಲ್ಲಿ ಬರೋದು ಒಂದೇ ಮಾತು. "ಸರ್, ತುಂಬಾ ಹೀಟ್ ಆಗ್ತಿದೆ." "ನಾರ್ಮಲ್ ಸರ್." "ಕಾಲು ಸುಡ್ತಿದೆ." "ನಾರ್ಮಲ್ ಸರ್, ಈ ಸೆಗ್ಮೆಂಟಲ್ಲಿ ಎಲ್ಲಾ ಗಾಡಿನೂ ಹಂಗೇ." ನೀವೇ ಮುಟ್ಟಿ ನೋಡಿ ಅಂದೆ. ಮುಟ್ಟಿದ್ರು, ಚಟ್ ಅಂತ ಕೈ ಕಿತ್ಕೊಂಡ್ರು, ಬೆರಳನ್ನ ಕಿವಿ ಹಾಲೆಗೆ ಒತ್ಕೊಂಡು, ಕಣ್ಣಲ್ಲಿ ನೀರು ತುಂಬ್ಕೊಂಡು ಅಂದ್ರು, "ನಾರ್ಮಲ್ ಸರ್."

ಹೀಗಾಗಿ ಟೂವೀಲರ್‌ನವರೆಲ್ಲ ನಮ್ಮ ನಮ್ಮ ವ್ಯವಸ್ಥೆ ಮಾಡ್ಕೊಂಡಿದೀವಿ. ಸಿಗ್ನಲ್ ಇನ್ನೂ ಮೂವತ್ತು ಅಡಿ ದೂರ ಇರೋವಾಗ್ಲೇ ಮರದ ನೆರಳಲ್ಲಿ ನಿಂತುಬಿಡೋದು, ಹಿಂದಿನ ಕಾರಿನವನು ಹಾರ್ನ್ ಹೊಡೆದು ಸತ್ರೂ ಅಲ್ಲಾಡಬಾರದು. ಮರ ಇಲ್ದಿದ್ರೆ ಮೆಟ್ರೋ ಪಿಲ್ಲರ್. ಆ ಕಂಬದ ನೆರಳಿರೋದು ಒಂದು ಚಾಪೆ ಅಗಲ, ಅದರಲ್ಲಿ ಒಂಬತ್ತು ಜನ ಒಬ್ಬರ ಹಿಂದೆ ಒಬ್ಬರು ರೇಷನ್ ಅಂಗಡಿ ಕ್ಯೂ ಥರ ಗಾಡಿ ಹಿಡ್ಕೊಂಡು ನಿಂತಿರ್ತೀವಿ. ಕಾಲು ಎರಡೂ ಅಗಲ ಮಾಡಿ, ಮೊಣಕಾಲು ಆಚೆ ಚಾಚಿ, ಎಲ್ರೂ ಈಗ ತಾನೇ ಕುದುರೆ ಇಳಿದವರ ಹಾಗೆ.

ಈಗ ಗುರುವಾರದ ವಿಷಯಕ್ಕೆ ಬರ್ತೀನಿ.

ಎಂಜಿನ್ ಮೇಲೆ ದೋಸೆ ಹುಯ್ಯಬಹುದು ಅಂತ ಎಲ್ರೂ ಜೋಕ್ ಹೊಡೀತಾರೆ. ನಾನು ಹುಯ್ದಿದೀನಿ.

ಸಂಜೆ ಹೊರಡೋವಾಗ ನಮ್ಮ ಮನೆಯವಳ ಫೋನು, "ರೀ, ಬರ್ತಾ ಒಂದು ಕೇಜಿ ದೋಸೆ ಹಿಟ್ಟು ತಗೊಂಬನ್ನಿ, ಬೆಳಿಗ್ಗೆಗೆ ಏನೂ ಇಲ್ಲ." ತಗೊಂಡೆ. ಬ್ಯಾಗಲ್ಲಿ ಲ್ಯಾಪ್‌ಟಾಪ್ ಇತ್ತು, ಹಿಟ್ಟು ಸೋರಿದ್ರೆ ಕಷ್ಟ ಅಂತ ಬುದ್ಧಿವಂತನ ಹಾಗೆ ಯೋಚನೆ ಮಾಡಿ ಹ್ಯಾಂಡಲ್‌ಗೆ ನೇತು ಹಾಕಿದೆ. ತಿರುಗಿಸಿದಾಗೆಲ್ಲ ಟ್ಯಾಂಕಿಗೆ ಬಡೀತು. ಇನ್ನೂ ಬುದ್ಧಿವಂತನ ಹಾಗೆ ಯೋಚನೆ ಮಾಡಿ ಬಲಗಡೆ ಕ್ರ್ಯಾಶ್ ಗಾರ್ಡಿಗೆ ಕಟ್ಟಿದೆ. ಔಟರ್ ರಿಂಗ್ ರೋಡಿನ ಇಬ್ಲೂರು ಸಿಗ್ನಲಲ್ಲಿ ನಿಂತಿದ್ದು ಎಷ್ಟು ಹೊತ್ತೋ, ಹಸಿರು ಬಂತು ಹೋಯ್ತು, ಮತ್ತೆ ಬಂತು ಮತ್ತೆ ಹೋಯ್ತು, ನಾನು ಇದ್ದ ಜಾಗದಲ್ಲೇ ಇದೀನಿ. ಕವರ್ ನಿಧಾನಕ್ಕೆ ಜಾರಿ ಎಗ್ಸಾಸ್ಟ್ ಪೈಪಿಗೆ ಒರಗಿದ್ದು ನನಗೆ ಗೊತ್ತಾಗ್ಲೇ ಇಲ್ಲ. ಗೊತ್ತಾಗಿದ್ದು ಶಬ್ದದಿಂದ. ಚುಂಯ್ಯ್ ಅಂತು.

ಸತ್ಯ ಹೇಳ್ತೀನಿ, ಮೊದಲ ಹತ್ತು ಸೆಕೆಂಡ್ ಒಳ್ಳೆ ವಾಸನೆ ಬಂತು. ಹಬ್ಬದ ದಿನ ಬೆಳಿಗ್ಗೆ ಅಡುಗೆಮನೆಯಿಂದ ಬರುತ್ತಲ್ಲ, ಹಂಗೇ. ಪಕ್ಕದ ಸ್ಕೂಟರಿನವರು ಹೆಲ್ಮೆಟ್ ಗ್ಲಾಸ್ ಎತ್ತಿ ಮೂಗರಳಿಸಿ ಅತ್ತಿತ್ತ ನೋಡಿದ್ರು. ಆಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ ಸೇರ್ಕೊಳ್ತು. ಬಗ್ಗಿ ನೋಡ್ತೀನಿ, ಕವರ್ ತೂತಾಗಿ ಹಿಟ್ಟು ಪೈಪಿನುದ್ದಕ್ಕೂ ಇಳಿದು, ಅಂಚು ಕೆಂಪಗೆ ಕಟ್ಟಿ, ಮಧ್ಯ ತೂತು ತೂತು ಬಿದ್ದು, ಸೆಟ್ ದೋಸೆಗೆ ಬರಬೇಕಾದ ಹಾಗೇ ಬಂದಿದೆ. ನಮ್ಮ ಮನೆ ಕಾವಲಿ ಮೇಲೆ ನಾನು ಹುಯ್ದಾಗ ಒಂದು ದಿನಾನೂ ಹಂಗೆ ಬಂದಿಲ್ಲ. ಇಳಿಯೋಣ ಅಂದ್ರೆ ಎಡಕ್ಕೆ ಬಸ್ಸು, ಬಲಕ್ಕೆ ಆಟೋ, ಸ್ಟ್ಯಾಂಡ್ ಹಾಕೋಕೂ ಜಾಗ ಇಲ್ಲ. ಎಂಜಿನ್ ಆಫ್ ಮಾಡಿದೆ, ಫ್ಯಾನ್ ಆಫ್ ಆಗಲ್ವಲ್ಲ, ಅದು ತೊಟ್ಟಿಕ್ಕೋ ಹಿಟ್ಟನ್ನ ತಗೊಂಡು ನನ್ನ ಪ್ಯಾಂಟಿಗೆ ಚಿಮುಕಿಸ್ತಾ ಇದೆ.

ಆಟೋದವರು ತಲೆ ಹೊರಗೆ ಹಾಕಿ ಬಹಳ ಹೊತ್ತು, ಶ್ರದ್ಧೆಯಿಂದ ನೋಡಿದ್ರು. ನಗ್ತಾರೇನೋ ಅಂದ್ಕೊಂಡೆ. ಇಲ್ಲ. ಕಳಕಳಿಯಿಂದ ಅಂದ್ರು, "ಸಾರ್, ಮಗುಚಾಕಿ, ತಳ ಹಿಡೀತೈತೆ."

ಹಿಂದಿನಿಂದ ಯಾವನೋ ಕಾಲೇಜ್ ಹುಡುಗ, "ಅಣ್ಣಾ, ಒಂದು ಖಾಲಿ, ಒಂದು ಮಸಾಲೆ!" ಬಸ್ಸಿನ ಕಿಟಕಿಯಲ್ಲಿ ಆರು ಮುಖ. ಒಬ್ಬಮ್ಮ ಮಗುವನ್ನ ಎತ್ತಿ ಹಿಡಿದು ತೋರಿಸ್ತಾ ಇದಾರೆ, ಮೃಗಾಲಯದಲ್ಲಿ ತೋರಿಸೋ ಹಾಗೆ. ಗಾಬರಿಗೆ ಕವರ್ ಕಿತ್ತು ಹಾಕೋಣ ಅಂತ ಬಗ್ಗಿದವನು ಬ್ಯಾಲೆನ್ಸ್ ತಪ್ಪಿ ಕಾಲು ಒಳಗೆಳ್ಕೊಂಡೆ, ಮೀನಖಂಡ ಹೋಗಿ ಪೈಪಿಗೆ ಅಂಟಿಕೊಳ್ತು. ಮತ್ತೊಂದು ಸಲ ಚುಂಯ್. ಈ ಸಲದ್ದು ನಾನು.

ಮನೇಲಿ ಟೂತ್‌ಪೇಸ್ಟ್ ಹಚ್ಚಿ ಅಂತ ಒಬ್ಬರು, ಅರಿಶಿನ ಅಂತ ಇನ್ನೊಬ್ಬರು. ಡಾಕ್ಟರ್ ಆಮೇಲೆ ಬೈದ್ರು, ಅದ್ಯಾವುದೂ ಹಚ್ಚಬಾರದಂತೆ, ಹರಿಯೋ ನಲ್ಲಿ ನೀರಿಗೆ ಇಪ್ಪತ್ತು ನಿಮಿಷ ಹಿಡೀಬೇಕಂತೆ. ಬೇಸಿಗೇಲಿ, ಬೆಂಗಳೂರಲ್ಲಿ, ಇಪ್ಪತ್ತು ನಿಮಿಷ ನಲ್ಲಿ ಬಿಡೋದು! 2024ರಲ್ಲಿ ಕುಡಿಯೋ ನೀರಲ್ಲಿ ಗಾಡಿ ತೊಳೆದ್ರೆ 5000 ರೂಪಾಯಿ ದಂಡ ಹಾಕಿದ್ರು, ಗಾಡಿ ಸುಟ್ಟ ಕಾಲಿಗೆ ಎಷ್ಟೋ ಗೊತ್ತಿಲ್ಲ.

ಅಕ್ಕನಿಗೆ ವಿಡಿಯೋ ಕಾಲಲ್ಲಿ ತೋರಿಸ್ದೆ. ಅವಳು ಗಾಯ ನೋಡಿ ಅಯ್ಯೋ ಅನ್ನೋದು ಬಿಟ್ಟು, "ಹಳೇದರ ಪಕ್ಕದಲ್ಲೇ ಬಂದಿದೆ ನೋಡೋ" ಅಂದ್ಲು. ಹೌದಲ್ಲ. ಅಪ್ಪನ ಹತ್ರ ಯೆಜ್ಡಿ ಇತ್ತು, ನಮ್ಮ ಮೈಸೂರಲ್ಲೇ ತಯಾರಾದ ಗಾಡಿ, ಅದಕ್ಕೆ ಎರಡು ಸೈಲೆನ್ಸರ್, ಎಡಕ್ಕೊಂದು ಬಲಕ್ಕೊಂದು. ಹಾಗಾಗಿ ನನಗೆ ಬಲ ಮೀನಖಂಡದಲ್ಲಿ ಕಲೆ, ಅವಳಿಗೆ ಎಡಗಡೆ. ಇಬ್ಬರೂ ಜಗಳ ಆಡ್ತಾ ಆಚೀಚೆ ಇಳಿದ ದಿನದ ಕಲೆಗಳು. ಜನವರಿ ಚಳೀಲಿ ಬೆಳಗಿನ ಜಾವ ಅಜ್ಜಿ ಊರಿಗೆ ಹೋಗ್ತಿದ್ವಿ, ದಾರೀಲಿ ಚಹಾ ಅಂಗಡಿ ಹತ್ರ ಅಪ್ಪ ಗಾಡಿ ನಿಲ್ಲಿಸಿದ್ರೆ ನಾವು ನಾಲ್ಕೂ ಜನ ಎಂಜಿನ್ ಸುತ್ತ ಕುಕ್ಕರುಗಾಲಲ್ಲಿ ಕೂತು ಅಂಗೈ ಕಾಯಿಸ್ಕೋತಿದ್ವಿ. ಆರೋವಾಗ ಅದು ಟಿಕ್, ಟಿಕ್ ಅಂತಿತ್ತು. ಕಾರ್ಖಾನೆ 1996ರಲ್ಲಿ ಮುಚ್ಚಿತು, ಗಾಡಿ ಯಾವಾಗ ಗುಜರಿಗೆ ಹೋಯ್ತೋ ನೆನಪಿಲ್ಲ, ಈಗ ಅಪ್ಪನೂ ಇಲ್ಲ. ಆ ಬಿಸಿಗೆ ಯಾರೂ ಬೈತಿರ್ಲಿಲ್ಲ ಅನ್ನೋದು ಮಾತ್ರ ನೆನಪಿದೆ. ಬಹುಶಃ ದಾರೀಲಿ ಇಬ್ಲೂರು ಇರ್ಲಿಲ್ಲ, ಅದಕ್ಕೆ.

ಶನಿವಾರ ಕುಂಟ್ಕೊಂಡು ಸರ್ವಿಸ್ ಸೆಂಟರಿಗೆ ಹೋದೆ. ನಮ್ಮ ಅಡ್ವೈಸರ್ ಮಂಡಿಯೂರಿ ಕೂತು, ಮೊಬೈಲ್ ಟಾರ್ಚ್ ಬಿಟ್ಟು ಪೈಪ್ ನೋಡಿದ್ರು. ಕಪ್ಪಗೆ ಸೀದು ಕಲ್ಲಾಗಿತ್ತು, ಒಂದು ಅಂಚು ಮಾತ್ರ ಇನ್ನೂ ಕೆಂಪಗೆ ಉಳ್ಕೊಂಡಿತ್ತು. ನಾನು ಕಾಯ್ತಾ ಇದ್ದೆ.

"ಸರ್, ಇದು ನಾರ್ಮಲ್ ಅಲ್ಲ."

ಎರಡು ವರ್ಷದಲ್ಲಿ ಮೊದಲನೇ ಸಲ! ನನಗೆ ಎದ್ದು ಕೈ ಕುಲುಕೋಣ ಅನ್ನಿಸ್ತು. ಅಷ್ಟರಲ್ಲಿ, "ವಾರಂಟೀಲಿ ಬರಲ್ಲ" ಅಂತ ಸೇರಿಸಿ, ಸ್ಕ್ರೂ ಡ್ರೈವರ್ ತಗೊಂಡು ಕೆರೆಯೋಕೆ ಶುರು ಮಾಡಿದ್ರು. ಸ್ವಲ್ಪ ಕೆರೆದು, ನಿಲ್ಲಿಸಿ, ಆ ಕೆಂಪು ಚೂರನ್ನ ಬೆರಳಲ್ಲಿ ಹಿಡಿದು ನೋಡಿ ಕೇಳಿದ್ರು, "ಹಿಟ್ಟಿಗೆ ಮೆಂತ್ಯ ಹಾಕಿದ್ರಾ ಸರ್? ಕಲರ್ ಚೆನ್ನಾಗ್ ಬಂದಿದೆ."