ಊರಿನ ಕಥೆ ಊರಿನ ಮಾತಲ್ಲೇ ಇರಬೇಕಾ? ಪರ – ವಿರೋಧ

ನಾನು ಹುಟ್ಟಿ ಬೆಳೆದದ್ದು ಹಾವೇರಿ ಕಡೆಯ ಒಂದು ಹಳ್ಳಿಯಲ್ಲಿ. 18 ವರ್ಷದಿಂದ ಕನ್ನಡ ಪಾಠ ಮಾಡುತ್ತಿರುವುದು ದಕ್ಷಿಣ ಕನ್ನಡದ ಒಂದು ಹೈಸ್ಕೂಲಿನಲ್ಲಿ. ಈ ಪ್ರಶ್ನೆಗೆ ನನ್ನ ಹತ್ತಿರ ಎರಡು ಉತ್ತರ ಇವೆ. ಒಂದನ್ನು ಆ ಊರು ಕೊಟ್ಟಿತು, ಇನ್ನೊಂದನ್ನು ಈ ಊರು. ಯಾವುದನ್ನೂ ಬಿಟ್ಟುಕೊಡಲು ಮನಸ್ಸಿಲ್ಲ. ಅದಕ್ಕೇ ಎರಡನ್ನೂ ಬೇರೆ ಬೇರೆಯಾಗಿ ಬರೆಯುತ್ತಿದ್ದೇನೆ.

ಪರ: ಹಗೇವು ಕಣಜ ಅಲ್ಲ

ನಮ್ಮ ಮನೆ ಮುಂದೆ ಒಂದು ಹಗೇವು ಇತ್ತು. ಜೋಳ ತುಂಬಿಡಲು ನೆಲದೊಳಗೆ ತೋಡಿದ ಕುಣಿ ಅದು. ಬಾಯಿ ಚಿಕ್ಕದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಹೊಟ್ಟೆ ದೊಡ್ಡದು. ಸುತ್ತ ಹುಲ್ಲು ಒತ್ತಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಎಳೆಯುತ್ತಿದ್ದರು. ತೆಗೆಯುವ ದಿನ ಅಜ್ಜ ನಮ್ಮನ್ನೆಲ್ಲ ದೂರ ನಿಲ್ಲಿಸುತ್ತಿದ್ದ. ಕಲ್ಲು ಸರಿಸಿ ಬಹಳ ಹೊತ್ತು ಹಾಗೇ ಬಿಡುತ್ತಿದ್ದ. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ನಿಧಾನಕ್ಕೆ ಒಳಗೆ ಬಿಡುತ್ತಿದ್ದ. ಕಂದೀಲು ಆರಿದರೆ ಯಾರೂ ಇಳಿಯುವ ಹಾಗಿಲ್ಲ. ಮುಚ್ಚಿಟ್ಟ ಕಾಳಿನಿಂದ ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಅವಸರ ಮಾಡಿ ಇಳಿದವನು ಉಸಿರು ಕಟ್ಟಿ ಅಲ್ಲೇ ಉಳಿಯುತ್ತಾನೆ. ತಳದ ಜೋಳಕ್ಕೆ ಒಂದು ಮುಗ್ಗು ವಾಸನೆ ಇರುತ್ತಿತ್ತು. ಅವ್ವ ಬಡಿದ ರೊಟ್ಟಿಯಲ್ಲೂ ಅದು ಗೊತ್ತಾಗುತ್ತಿತ್ತು.

ಮುಂದೆ ನಾನು ಇದನ್ನೇ ಇಟ್ಟುಕೊಂಡು ಒಂದು ಕಥೆ ಬರೆದೆ. ಹಗೇವಿಗೆ ಇಳಿದ ಆಳು ಮೇಲೆ ಬರಲಿಲ್ಲ, ಅಷ್ಟೇ ಕಥೆ. ಒಂದು ಪತ್ರಿಕೆ ಅದನ್ನು ಪ್ರಕಟಿಸಿತು. ಪುಟ ತೆರೆದು ನೋಡಿದರೆ ಎಲ್ಲ ಕಡೆ 'ಹಗೇವು' ಹೋಗಿ 'ಕಣಜ' ಬಂದು ಕೂತಿತ್ತು. ಎಲ್ಲರಿಗೂ ತಿಳಿಯಲಿ ಅಂತ ಬದಲಿಸಿದ್ದರಂತೆ. ಕಣಜ ಇರುವುದು ನೆಲದ ಮೇಲೆ. ಬಿದಿರಿನದೋ ಹಲಗೆಯದೋ ಆಗಿರುತ್ತದೆ. ಅದರಲ್ಲಿ ಉಸಿರು ಕಟ್ಟಿ ಸಾಯುವುದು ಹೇಗೆ? ಒಂದು ಪದ ಹೋಯಿತು, ನನ್ನ ಕಥೆಯ ಆಳು ಕಾರಣವೇ ಇಲ್ಲದೆ ಸತ್ತ. ಆ ಸಂಚಿಕೆಯನ್ನು ನಾನು ಅಜ್ಜನಿಗೆ ತೋರಿಸಲಿಲ್ಲ.

ಅದಕ್ಕೇ ಹೇಳುತ್ತೇನೆ, ಊರಿನ ಕಥೆಗೆ ಊರಿನ ಮಾತೇ ಬೇಕು. ಅಲಂಕಾರಕ್ಕಲ್ಲ. ಆ ಊರಲ್ಲಿ ಬದುಕು ಹೇಗೆ ನಡೆಯುತ್ತದೆ ಅನ್ನುವುದು ಆ ಪದಗಳಲ್ಲೇ ಇರುತ್ತದೆ. ನಮ್ಮ ಕಡೆ ಸುಮ್ನೆ 'ಹೊಲ' ಅಂದರೆ ಮಾತು ಪೂರ್ತಿ ಆಗುವುದಿಲ್ಲ. ಎರಿ ಹೊಲವಾ, ಮಸಾರಿಯಾ, ಮಡ್ಡಿಯಾ? ಎರಿ ಅಂದರೆ ಕಪ್ಪು ಮಣ್ಣು, ಹಸಿ ಹಿಡಿದಿಡುತ್ತದೆ, ಹಿಂಗಾರಿಗೆ ಬಿಳಿ ಜೋಳ ಕೊಡುತ್ತದೆ. ಮಸಾರಿ ಕೆಂಪು. ಮಡ್ಡಿ ಅಂದರೆ ಕಲ್ಲು ಜಾಸ್ತಿ, ಮಣ್ಣು ಕಡಿಮೆ. 'ಪಾಲು ಮಾಡುವಾಗ ಅಣ್ಣಗ ಎರಿ ಹೋತು, ತಮ್ಮಗ ಮಡ್ಡಿ ಬಂತು' ಅಂತ ಒಂದು ಸಾಲು ಬರೆದರೆ ನಮ್ಮ ಕಡೆಯ ಓದುಗನಿಗೆ ಮುಂದಿನ ಮೂವತ್ತು ವರ್ಷದ ಜಗಳ ಕಣ್ಣಿಗೆ ಬರುತ್ತದೆ. ಅದನ್ನು 'ಫಲವತ್ತಾದ ಭೂಮಿ, ಬಂಜರು ಭೂಮಿ' ಅಂತ ಬರೆದು ನೋಡಿ. ಜಗಳ ಕಚೇರಿಯ ಕಾಗದದಲ್ಲಿ ನಡೆದ ಹಾಗಿರುತ್ತದೆ.

ಮಳೆಯೂ ಹಾಗೇ. 'ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ' ಅನ್ನುವ ಮಾತು ಕೇಳಿಕೊಂಡು ಬೆಳೆದವರು ನಾವು. ಮೃಗಶಿರ ನಮ್ಮ ಬಾಯಲ್ಲಿ ಮಿರ್ಗ ಆಗುತ್ತದೆ. 'ಜೂನ್ ಎರಡನೇ ವಾರದಲ್ಲಿ ಮಳೆಯಾಯಿತು' ಅಂತ ಬರೆದರೆ ಅದು ವರದಿ. 'ಮಿರ್ಗ ಕೂಡ್ತು' ಅಂದರೆ ಬಿತ್ತನೆಯ ಕೂರಿಗೆ ಮನೆಯಿಂದ ಹೊರಗೆ ಬಂತು ಅಂತಲೇ ಅರ್ಥ.

ಕವಿತೆಗೆ ಬಂದರೆ ಈ ಮಾತು ಇನ್ನೂ ಗಟ್ಟಿ. 'ಐತಿ' ಅನ್ನುವಲ್ಲಿ ಮೂರು ಮಾತ್ರೆ, 'ಇದೆ' ಅನ್ನುವಲ್ಲಿ ಎರಡು. ಬೇಂದ್ರೆಯವರ ಧಾರವಾಡದ ಕನ್ನಡವನ್ನು 'ಸರಿಪಡಿಸಲು' ಹೊರಟರೆ ಮೊದಲು ಕುಂಟುವುದು ಲಯ. ಅರ್ಥದ ಮಾತು ಆಮೇಲಿನದು. ಬೇಂದ್ರೆಯವರ ಮನೆಮಾತು ಮರಾಠಿ ಅನ್ನುವುದನ್ನು ಇಲ್ಲಿ ನೆನೆಯಬೇಕು. ಹುಟ್ಟಿನಿಂದ ಬಂದ ಹಕ್ಕು ಅಂತ ಅವರು ಆ ಮಾತನ್ನು ಹಿಡಿಯಲಿಲ್ಲ. ಧಾರವಾಡದ ಓಣಿಯಲ್ಲಿ ಕಿವಿ ಇಟ್ಟು ಕೇಳಿ, ಒಲಿಸಿಕೊಂಡರು. ಕಿವಿ ಇದ್ದವರಿಗೆ ಊರು ದಕ್ಕುತ್ತದೆ, ಅಲ್ವಾ?

ಓದಲು ಕಷ್ಟ ಅನ್ನುವವರಿದ್ದಾರೆ. ಹೌದು, ಕಷ್ಟ. 1984ರಲ್ಲಿ ಬಂದ ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ ಪಾತ್ರಗಳು ಮಾತ್ರ ಅಲ್ಲ, ಕಥೆ ಹೇಳುವ ದನಿಯೂ ನಂಜನಗೂಡು, ಚಾಮರಾಜನಗರ ಕಡೆಯದು. ಹಾವೇರಿಯ ನನಗೆ ಮೊದಲ ಪುಟಗಳಲ್ಲಿ ಕಾಲಿಡಲು ಆಗಲಿಲ್ಲ. ಎರಡು ಸಲ ಕೆಳಗಿಟ್ಟೆ. ಮೂರನೇ ಸಲ ಬಾಗಿಲು ಹಾಕಿಕೊಂಡು ಜೋರಾಗಿ ಓದಿದೆ. ಕಣ್ಣಿಗೆ ಸಿಗದ್ದು ಕಿವಿಗೆ ಸಿಕ್ಕಿತು. ಆ ಜನ ಯಾರ ಮುಂದೆ ದನಿ ಇಳಿಸುತ್ತಾರೆ, ಯಾವಾಗ ಹಾಡಿನ ಹಾಗೆ ಎಳೆಯುತ್ತಾರೆ ಅನ್ನುವುದು ಆ ಮಾತಿನ ಏರಿಳಿತದಲ್ಲೇ ಇತ್ತು. ಶಿಷ್ಟ ಕನ್ನಡದಲ್ಲಿ ಅದನ್ನು ಬರೆದಿದ್ದರೆ ನನಗೆ ಕಥೆ ಬೇಗ ಗೊತ್ತಾಗುತ್ತಿತ್ತು, ಜನ ಗೊತ್ತಾಗುತ್ತಿರಲಿಲ್ಲ.

ಇನ್ನು ಶಿಷ್ಟ ಕನ್ನಡ ಅನ್ನುವುದು ಆಕಾಶದಿಂದ ಇಳಿದದ್ದೇನೂ ಅಲ್ಲ. 1956ರ ಮೊದಲು ನಾವು ಮುಂಬಯಿ, ಹೈದರಾಬಾದು, ಮದ್ರಾಸು, ಮೈಸೂರು, ಕೊಡಗು ಅಂತ ಹಂಚಿಹೋಗಿದ್ದವರು. ಒಂದಾದ ಮೇಲೆ ಹಳೇ ಮೈಸೂರಿನ ಮಾತಿಗೆ ಹತ್ತಿರದ ಕನ್ನಡವೇ ಎಲ್ಲರಿಗೂ ಮಾದರಿ ಅನ್ನುವ ಹಾಗಾಯಿತು. ಅದೂ ಒಂದು ಕಡೆಯ ಮಾತೇ. ಅದಕ್ಕೆ ಅರ್ಥಪಟ್ಟಿ ಬೇಡ, ನಮ್ಮದಕ್ಕೆ ಬೇಕು ಅಂದರೆ ಹೇಗೆ?

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂತು. ಅನುವಾದಕಿ ದೀಪಾ ಭಾಸ್ತಿ ಕನ್ನಡದ, ಉರ್ದುವಿನ ಪದಗಳನ್ನು ಹಾಗೇ ಉಳಿಸಿದ್ದಾರೆ. ಓರೆ ಅಕ್ಷರ ಇಲ್ಲ, ಅಡಿಟಿಪ್ಪಣಿ ಇಲ್ಲ. ಇಂಗ್ಲೆಂಡಿನಲ್ಲಿ ಕೂತ ಓದುಗ ಹಾಸನದ ಮನೆಯೊಳಗಿನ ಪದವನ್ನು ಕೇಳಿಸಿಕೊಳ್ಳಬಲ್ಲ ಅಂದರೆ, ಮಂಡ್ಯದ ಓದುಗ ಹಗೇವು ಅನ್ನುವ ಒಂದು ಪದವನ್ನು ಕೇಳಿಸಿಕೊಳ್ಳಲಾರನೇ?

ನಮ್ಮ ಮನೆ ಮುಂದಿನ ಹಗೇವನ್ನು ಮಣ್ಣು ತುಂಬಿ ಮುಚ್ಚಿ ಬಹಳ ಕಾಲ ಆಯಿತು. ಈಗ ಅದರ ಮೇಲೆ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ನನ್ನ ಮಗಳಿಗೆ ತೋರಿಸಲು ಅಲ್ಲಿ ಏನೂ ಉಳಿದಿಲ್ಲ. ಇರುವುದು ಆ ಪದ ಒಂದೇ.

ವಿರೋಧ: ಚೋಮ ಕನ್ನಡದಲ್ಲಿ ಯಾಕೆ ಮಾತಾಡ್ತಾನೆ?

ಶಿವರಾಮ ಕಾರಂತರ 'ಚೋಮನ ದುಡಿ' 1933ರದು. ಪಾಠದಲ್ಲಿ ಇರಲಿ ಬಿಡಲಿ, ಪ್ರತಿ ವರ್ಷ ಅದರ ಕಥೆಯನ್ನು ಮಕ್ಕಳಿಗೆ ಹೇಳುತ್ತೇನೆ. ಒಂದು ಸಲ ಹಿಂದಿನ ಬೆಂಚಿನ ಹುಡುಗ ಎದ್ದು ಕೇಳಿದ: 'ಸರ್, ಚೋಮ ಕನ್ನಡದಲ್ಲಿ ಯಾಕೆ ಮಾತಾಡ್ತಾನೆ?'

ಆ ಹುಡುಗನ ಮನೆಮಾತು ತುಳು. ತುಳುನಾಡಿನ ಚೋಮ ತನ್ನ ಗುಡಿಸಲಲ್ಲಿ ಕನ್ನಡ ಆಡಿರಲಾರ ಅನ್ನುವುದು ಅವನಿಗೆ ಗೊತ್ತು. ನನಗೆ ಅದು ಅಷ್ಟು ವರ್ಷ ಹೊಳೆದೇ ಇರಲಿಲ್ಲ. ಊರಿನ ಕಥೆ ಊರಿನ ಮಾತಲ್ಲೇ ಇರಬೇಕು ಅನ್ನುವ ನನ್ನ ನಿಯಮವನ್ನು ಅವತ್ತು ಅವನ ಮುಂದೆ ಇಡಲು ಆಗಲಿಲ್ಲ. ಆ ನಿಯಮದಲ್ಲಿ 'ಚೋಮನ ದುಡಿ' ಕನ್ನಡದಲ್ಲಿ ಹುಟ್ಟುವಂತೆಯೇ ಇಲ್ಲ. ಆದರೂ ಹುಟ್ಟಿತು. ಎತ್ತು ಇದ್ದೂ ಉಳಲು ಭೂಮಿ ಸಿಗದ ಚೋಮ, ರಾತ್ರಿ ಅವನು ಬಾರಿಸುವ ದುಡಿ, ಇವು ಈ ನೆಲದ್ದೇ. ನನ್ನ ಮಕ್ಕಳು ಅದನ್ನು ಒಪ್ಪುತ್ತಾರೆ. ಅವರಿಗಿಂತ ದೊಡ್ಡ ಸಾಕ್ಷಿ ನನಗೆ ಬೇಡ.

ನನ್ನ ಒಂದು ತರಗತಿಯಲ್ಲಿ ತುಳು, ಬ್ಯಾರಿ, ಕೊಂಕಣಿ, ಹವ್ಯಕ ಕನ್ನಡ ಎಲ್ಲ ಇವೆ. ಒಂದೇ ಬಸ್ಸಿನಲ್ಲಿ ಬರುವ ಮಕ್ಕಳು. ಇವರ ಊರಿನ ಮಾತು ಯಾವುದು? ಬರೆಯುವ ಕನ್ನಡ ಇವರಲ್ಲಿ ಹೆಚ್ಚಿನವರಿಗೆ ಶಾಲೆಯಲ್ಲಿ ಸಿಕ್ಕ ಭಾಷೆ. ಅದರಲ್ಲೇ ಅವರು ಒಬ್ಬರ ಮನೆ ಕಥೆ ಇನ್ನೊಬ್ಬರಿಗೆ ಹೇಳಬೇಕು. ಗೋಕರ್ಣದ ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳ ಜನ ಬೀದಿಯಲ್ಲಿ ಆಡುವುದು ಹಿಂದಿ, ಮರಾಠಿ. ಪುಟದ ಮೇಲೆ ಅವರು ಕನ್ನಡ ಆಡುತ್ತಾರೆ. ಲೋಕಲ್ ಟ್ರೇನಿನ ಆ ಶಹರ ಎಲ್ಲೂ ಸುಳ್ಳಾಗುವುದಿಲ್ಲ.

ಊರಿನ ಪದ ದಾರಿ ತಪ್ಪಿಸುವುದೂ ಉಂಟು. ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಕಥೆಯಲ್ಲಿ 'ಬೆಟ್ಟು ಗದ್ದೆ' ಅಂತ ಓದಿದೆ. ಬೆಟ್ಟದ ಮೇಲಿನ ಗದ್ದೆ ಅಂದುಕೊಂಡು ಮುಂದೆ ಹೋದೆ. ಎಷ್ಟೋ ದಿನ ಆದ ಮೇಲೆ ಒಬ್ಬ ವಿದ್ಯಾರ್ಥಿಯ ತಂದೆ ತಮ್ಮ ಜಾಗದಲ್ಲಿ ನಿಂತು ತೋರಿಸಿದರು. ಕೆಳಗೆ ನೀರು ನಿಲ್ಲುವುದು ಬೈಲು. ಅದರಲ್ಲಿ ಏಣೆಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ ತೆಗೆಯುತ್ತಿದ್ದರು. ನಡುವಿನದು ಮಜಲು, ಎರಡು ಬೆಳೆ. ಮೇಲಿನದು ಬೆಟ್ಟು, ಮಳೆ ನಂಬಿದ ಒಂದೇ ಬೆಳೆ. ಬೆಟ್ಟು ಸಿಕ್ಕವನು ಬಡವ. ನಮ್ಮ ಕಡೆ ಮಡ್ಡಿ ಹೊಲ ಬಂದ ತಮ್ಮನ ಹಾಗೆ. ಆ ಕಥೆಯ ಮುಖ್ಯವಾದ ನೋವನ್ನೇ ನಾನು ಬಿಟ್ಟು ಓದಿದ್ದೆ! ಗೊತ್ತಿಲ್ಲದ ಪದ ಆಗಿದ್ದರೆ ಯಾರನ್ನಾದರೂ ಕೇಳುತ್ತಿದ್ದೆ. ಗೊತ್ತಿರುವ ಪದದ ಹಾಗೆ ಕಂಡಿದ್ದೇ ತೊಂದರೆ. ಶಿರಸಿ ಕಡೆ ಹೋದರೆ ಬೆಟ್ಟ ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು. ಒಂದೇ ತರಹದ ಪದ, ಮೂರು ಊರಿನಲ್ಲಿ ಮೂರು ಬದುಕು.

ಮಾತಿಲ್ಲದೆಯೂ ಊರು ಬರುತ್ತದೆ ಅನ್ನುವುದಕ್ಕೆ 1942ರ 'ಮೈಸೂರ ಮಲ್ಲಿಗೆ' ಸಾಕು. ಕೆ.ಎಸ್. ನರಸಿಂಹಸ್ವಾಮಿಯವರು ಮಂಡ್ಯ ಜಿಲ್ಲೆಯ ಕಿಕ್ಕೇರಿಯವರು. ಆದರೆ ಆ ಪದ್ಯಗಳಲ್ಲಿ ಮಂಡ್ಯದ ಆಡುಮಾತು ಇಲ್ಲ. ತಿಳಿಯಾದ, ಎಲ್ಲರದೂ ಆದ ಕನ್ನಡ. ಆದರೂ ಆ ಪದ್ಯಗಳಲ್ಲಿ ಬರುವ ಹೊನ್ನೂರು, ನವಿಲೂರು ಅಂದರೆ ಬೀದರಿನವರಿಗೂ ಗೊತ್ತು. ಕುವೆಂಪು ಅವರು 1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಪಾತ್ರಗಳ ಬಾಯಿಗೆ ತೀರ್ಥಹಳ್ಳಿ ಕಡೆಯ ಮಾತು ಕೊಟ್ಟರು, ಕಥೆ ಹೇಳುವ ದನಿಗೆ ಗ್ರಂಥದ ಕನ್ನಡ ಕೊಟ್ಟರು. ನಾಯಿಗುತ್ತಿಯ ಜೊತೆ ಹುಲಿಯ ಅನ್ನುವ ಆ ನಾಯಿ ಕಾಡು ಹೊಕ್ಕಾಗ ನಮ್ಮ ಕಾಲಿಗೂ ತಂಡಿ ಹತ್ತುತ್ತದೆ. ಅದನ್ನು ಹತ್ತಿಸುವುದು ಆ ಗ್ರಂಥದ ಕನ್ನಡವೇ.

ಇನ್ನೊಂದು ಮಾತು ಹೇಳಲು ಸಂಕಟ ಆಗುತ್ತದೆ. ಒಮ್ಮೆ ತರಗತಿಯಲ್ಲಿ ಉತ್ತರ ಕರ್ನಾಟಕದ ಮಾತಿನಲ್ಲಿದ್ದ ಒಂದು ಕಥೆ ಓದಿಸಿದೆ. ತಾಯಿ ಸತ್ತ ಮನೆಯ ದೃಶ್ಯ. ಹುಡುಗಿ ಚೆನ್ನಾಗಿಯೇ ಓದುತ್ತಿದ್ದಳು. 'ಯವ್ವಾ' ಅಂದ ಕೂಡಲೇ ತರಗತಿ ನಕ್ಕಿತು. ಮಕ್ಕಳ ತಪ್ಪಲ್ಲ. ಆ ಮಾತನ್ನು ಅವರು ಕೇಳಿದ್ದು ಸಿನಿಮಾದ ಕಾಮಿಡಿ ಸೀನಿನಲ್ಲಿ ಮಾತ್ರ. ಕುಂದಾಪುರದ ಕನ್ನಡಕ್ಕೂ ಘಟ್ಟದ ಆಚೆ ಇದೇ ಗತಿ ಆಗಿದೆ. 'ಯವ್ವಾ' ಅನ್ನುವುದು ನಮ್ಮ ಮನೆಯಲ್ಲಿ ಹೆಣದ ಮುಂದೆ ಕೂತು ಅತ್ತ ಮಾತು. ಅವತ್ತು ನನಗೆ ಪಾಠ ಮುಂದುವರಿಸಲು ಆಗಲಿಲ್ಲ. ಬರೆಯುವವರಲ್ಲೂ ಕೆಲವರು ಆಡುಮಾತನ್ನು ವೇಷದ ಹಾಗೆ ತೊಡಿಸುತ್ತಾರೆ. ನಾಲ್ಕು 'ಐತಿ', ಎರಡು 'ಲೇ' ಹಾಕಿದರೆ ಹುಬ್ಬಳ್ಳಿ ಆಯಿತು ಅಂದುಕೊಳ್ಳುತ್ತಾರೆ. ಆ ಪಾತ್ರ ಏನು ಉಣ್ಣುತ್ತದೆ, ಯಾರಿಗೆ ಸಾಲ ಕೊಡಬೇಕು, ನೀರು ಎಲ್ಲಿಂದ ತರುತ್ತದೆ, ಒಂದೂ ಇರುವುದಿಲ್ಲ.

ಹಾಗಾದರೆ ಹಗೇವನ್ನು ಕಣಜ ಮಾಡಿದ್ದು ಸರಿಯಾ? ಖಂಡಿತ ಅಲ್ಲ. ಆದರೆ ಆ ಕಥೆಯನ್ನು ಮೊನ್ನೆ ಮತ್ತೆ ಓದಿದೆ. ಅದರಲ್ಲಿ ಕಂದೀಲು ಇರಲಿಲ್ಲ. ಅಜ್ಜ ಹಗ್ಗ ಹಿಡಿದು ಕಾಯುವುದು, ನಾವು ದೂರ ನಿಲ್ಲುವುದು, ಮುಗ್ಗು ವಾಸನೆ, ಯಾವುದನ್ನೂ ನಾನು ಬರೆದಿರಲಿಲ್ಲ. 'ಹಗೇವು' ಅಂದರೆ ಎಲ್ಲ ಬಂತು ಅಂದುಕೊಂಡಿದ್ದೆ. ನನಗೆ ಬಂದಿತ್ತು. ಬದಲಿಸಿದವರಿಗೆ ಹೇಗೆ ಬರಬೇಕು? ಅವರು ಆ ಬಾಯಿಯ ಪಕ್ಕ ನಿಂತವರಲ್ಲ. ಕಂದೀಲು ಆರುವುದನ್ನು ನಾನು ಬರೆದಿದ್ದರೆ 'ಕಣಜ' ಅಂತ ಬದಲಿಸಲು ಯಾರಿಗೂ ಕೈ ಬರುತ್ತಿರಲಿಲ್ಲ. 'ನೆಲದ ಕುಣಿ' ಅಂತ ಬರೆದಿದ್ದರೂ ಆ ಆಳು ಕಾರಣ ಇದ್ದೇ ಸಾಯುತ್ತಿದ್ದ.

ಹೋದ ವರ್ಷ ಒಂಬತ್ತನೇ ತರಗತಿಯ ಒಬ್ಬಳು ಆಟಿ ತಿಂಗಳ ಬಗ್ಗೆ ಕಥೆ ಬರೆದು ತಂದಳು. ಆಟಿ ಅಂದರೆ ಇಲ್ಲಿ ಮಳೆ ಬಿಡದ ತಿಂಗಳು, ಹಿಂದೆ ಹಸಿವಿನ ತಿಂಗಳು. ಬೇಸಿಗೆಯಲ್ಲಿ ಹಲಸಿನ ಬೀಜಕ್ಕೆ ಕೆಂಪು ಮಣ್ಣು ಮೆತ್ತಿ ಆ ದಿನಕ್ಕೆ ಅಂತ ಎತ್ತಿಡುತ್ತಿದ್ದರು. ಅವಳ ಅಜ್ಜಿ ಆಡುವುದು ತುಳು ಒಂದೇ. ಅಜ್ಜಿಯ ಮಾತನ್ನು ಕನ್ನಡದಲ್ಲಿ ಹೇಗೆ ಬರೆಯುವುದು ಅಂತ ಅವಳು ನನ್ನನ್ನು ಕೇಳಿದ್ದಳು. ನನಗೆ ಹೇಳಲು ಗೊತ್ತಾಗಿರಲಿಲ್ಲ. ಅವಳೇ ದಾರಿ ಕಂಡುಕೊಂಡಿದ್ದಳು. ಅಜ್ಜಿಯ ಬಾಯಿಂದ ಒಂದು ಮಾತನ್ನೂ ಆಡಿಸಿರಲಿಲ್ಲ. ಕಥೆಯ ಕೊನೆ ಹೀಗಿತ್ತು:

'ಅಜ್ಜಿ ಮೂಲೆಯಲ್ಲಿದ್ದ ಹಲಸಿನ ಬೀಜ ಎಣಿಸಿದರು. ಹೊರಗೆ ಬಂದು ಮಳೆ ನೋಡಿದರು. ಮತ್ತೆ ಒಳಗೆ ಹೋಗಿ ಎಣಿಸಿದರು.'