ಸಾಹೇಬರಿಗೆ ಕ್ಯಾಮೆರಾ ಅಂದ್ರೆ ನಾಚಿಕೆ

ಮೊನ್ನೆ ರಾತ್ರಿ ಹತ್ತೂವರೆ ಹೊತ್ತಿಗೆ ನಮ್ಮ ಏರಿಯಾದ ಸರ್ಕಲ್ಲಿನಲ್ಲಿ ಒಬ್ಬ ಡೆಲಿವರಿ ಹುಡುಗನನ್ನು ಹಿಡಿದು ನಿಲ್ಲಿಸಿದ್ದರು. ಬೈಕಿನ ಕೀ ಆಗಲೇ ಪೊಲೀಸಪ್ಪನ ಜೇಬು ಸೇರಿತ್ತು. ಹುಡುಗನ ಬೆನ್ನ ಮೇಲಿನ ಚೀಲದಲ್ಲಿ ಯಾರದೋ ಬಿರಿಯಾನಿ ತಣ್ಣಗಾಗುತ್ತಿತ್ತು. ಬೇಕರಿ ಮುಂದೆ ಟೀ ಕುಡಿಯುತ್ತಿದ್ದ ಕಾಲೇಜು ಹುಡುಗನೊಬ್ಬ ಮೊಬೈಲ್ ಎತ್ತಿದ. ಅಷ್ಟೇ. "ಏಯ್, ಯಾವನೋ ಅವ್ನು? ಇಡೋ ಫೋನ್ ಒಳಗೆ! ಕರ್ತವ್ಯಕ್ಕೆ ಅಡ್ಡಿ ಅಂತ ಕೇಸ್ ಹಾಕ್ಲಾ?"

ಹುಡುಗ ಫೋನ್ ಒಳಗಿಟ್ಟ. ಕರ್ತವ್ಯ ಮುಂದುವರಿಯಿತು.

ಅವತ್ತಿನಿಂದ ನನಗೆ ಒಂದೇ ಯೋಚನೆ. ಹದಿನೈದು ಅಡಿ ದೂರದಲ್ಲಿ ಅಂಗೈಯಗಲದ ಫೋನ್ ಕಂಡರೆ ನಿಂತುಹೋಗುವಂಥ ಕರ್ತವ್ಯ ಯಾವುದಪ್ಪಾ ಅದು? ಕೇಸ್ ಹಾಕುವ ಸೆಕ್ಷನ್ ಮೊದಲು ಹಳೇ ದಂಡ ಸಂಹಿತೆಯಲ್ಲಿ (ಐಪಿಸಿ) 353, ಈಗ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 132. ಅದಕ್ಕೆ ಹಲ್ಲೆಯೋ ಬಲಪ್ರಯೋಗವೋ ನಡೆದಿರಬೇಕು. ಫೋನಿನಲ್ಲಿ ಕೆಂಪು ಗುಂಡಿ ಒತ್ತಿದ್ದು ಬಲಪ್ರಯೋಗ ಅನ್ನೋದಾದರೆ ನಮ್ಮ ಹೆಬ್ಬೆರಳುಗಳು ಸಾಮಾನ್ಯದವಲ್ಲ ಬಿಡಿ. ಅಮೆರಿಕದ ಅರಿಜೋನಾದವರು ಪಾಪ, 2022ರಲ್ಲಿ ಎಂಟು ಅಡಿಯೊಳಗಿಂದ ಪೊಲೀಸರ ವಿಡಿಯೋ ಮಾಡಬಾರದು ಅಂತ ಕಾನೂನನ್ನೇ ಬರೆದರು. ಕೋರ್ಟು ತಡೆದುಬಿಟ್ಟಿತು. ಅಡಿ ಲೆಕ್ಕ ಹಾಕಲು ಹೋಗಿ ಕೆಟ್ಟರು. ನಮ್ಮವರು ಕಾನೂನೂ ಬರೆಯಲ್ಲ, ಟೇಪೂ ಹಿಡಿಯಲ್ಲ. ಒಂದು "ಏಯ್" ಸಾಕು.

ಇಲಾಖೆಗೆ ಕ್ಯಾಮೆರಾ ಅಂದರೇ ಆಗಲ್ಲ ಅಂದುಕೊಳ್ಳಬೇಡಿ. ಕಳ್ಳರನ್ನು ಹಿಡಿದ ಮಾರನೇ ದಿನದ ಪತ್ರಿಕಾಗೋಷ್ಠಿ ನೋಡಿದ್ದೀರಲ್ಲ? ಮೇಜಿನ ಮೇಲೆ ಬಿಳಿ ಬಟ್ಟೆ. ಅದರ ಮೇಲೆ ಸರ, ಬಳೆ, ಓಲೆಗಳನ್ನು ಮದುವೆ ಮನೆಯ ರಂಗೋಲಿಗಿಂತ ಚೆನ್ನಾಗಿ ಜೋಡಿಸಿರುತ್ತಾರೆ. ಗಾಂಜಾ ಪೊಟ್ಟಣಗಳು ಎತ್ತರದ ಪ್ರಕಾರ ಸಾಲಾಗಿ ನಿಂತಿರುತ್ತವೆ. ಹಿಂದೆ ಮುಸುಕು ಹಾಕಿಕೊಂಡ ಆರೋಪಿಗಳು, ಮುಂದೆ ಇಸ್ತ್ರಿ ಮಾಡಿದ ಯೂನಿಫಾರಂ. ಮಳೆಗಾಲದಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ಟ್ರಾಫಿಕ್ ಬಿಡುವ ಪೇದೆಯ ವಿಡಿಯೋ ತೆಗೆಯಿರಿ, ಯಾರೂ ಅಡ್ಡಿ ಅನ್ನಲ್ಲ. ಸಾಹೇಬರೇ ಶೇರ್ ಮಾಡುತ್ತಾರೆ. ಆ ಪೇದೆಗೆ ನನ್ನದೂ ಒಂದು ನಮಸ್ಕಾರ, ಅದು ಬೇರೆ ಮಾತು. 2025ರಲ್ಲಿ ಪೇದೆಗಳ ತಲೆಯಿಂದ ಹಳೇ ಸ್ಲೋಚ್ ಹ್ಯಾಟ್ ಹೋಗಿ ಹೊಸ ಪೀಕ್ ಕ್ಯಾಪ್ ಬಂದಾಗ ಎಷ್ಟು ಫೋಟೋ ಬಂದವು! ಯಾರ ಕರ್ತವ್ಯಕ್ಕೂ ಏನೂ ಆಗಲಿಲ್ಲ. ಹಾಗಾಗಿ ಅಡ್ಡಿ ಮಾಡುವುದು ಕ್ಯಾಮೆರಾ ಅಲ್ಲ. ಹೇಳದೆ ಕೇಳದೆ ಬಂದ ಕ್ಯಾಮೆರಾ. ವಧುಪರೀಕ್ಷೆ ಇದ್ದ ಹಾಗೆ, ಮೊದಲೇ ತಿಳಿಸಿ ಬರಬೇಕು.

ನಾವು ಮಾತ್ರ ಹಗಲೂ ರಾತ್ರಿ ಕ್ಯಾಮೆರಾ ಕೆಳಗೇ ಇರಬೇಕು. ಸೇಫ್ ಸಿಟಿ ಹೆಸರಲ್ಲಿ ಬೆಂಗಳೂರಿನ ಕಂಬಗಳಿಗೆ ಏಳು ಸಾವಿರಕ್ಕೂ ಜಾಸ್ತಿ ಕ್ಯಾಮೆರಾ ಕಟ್ಟಿದ್ದಾರೆ. ಜನ ಸೇರುವ ಅಂಗಡಿ, ಮಾಲ್, ಛತ್ರದವರೂ ಕ್ಯಾಮೆರಾ ಇಟ್ಟು 30 ದಿನದ ದೃಶ್ಯ ಕಾಪಾಡಬೇಕು ಅಂತ 2017ರ ಕಾಯ್ದೆಯೇ ಇದೆ. ನಾನು ಮೂಗು ಕೆರೆದುಕೊಂಡದ್ದೂ ಎಲ್ಲೋ ಒಂದು ಹಾರ್ಡ್ ಡಿಸ್ಕಿನಲ್ಲಿ ಭದ್ರವಾಗಿದೆ.

ಇಷ್ಟು ಕ್ಯಾಮೆರಾ ಇದ್ದೂ ನಮ್ಮ ರಾಜ್ಯದಲ್ಲಿ ಒಂದು ದೃಶ್ಯ ಮಾತ್ರ ಯಾವತ್ತೂ ಸಿಗಲ್ಲ, ಗಮನಿಸಿದ್ದೀರಾ? ಕಾಲಿಗೆ ಗುಂಡೇಟು. ಆ ಸುದ್ದಿ ನಿಮಗೂ ಬಾಯಿಪಾಠ ಆಗಿರುತ್ತೆ. ನಸುಕಿನ ಜಾವ ಆರೋಪಿಯನ್ನು ಸ್ಥಳ ಮಹಜರಿಗೆ ಕರೆದೊಯ್ಯುತ್ತಾರೆ. ಅವನು ಅಡಗಿಸಿಟ್ಟ ಮಚ್ಚನ್ನು ತೋರಿಸುವ ಬದಲು ಬೀಸುತ್ತಾನೆ. ಪೇದೆಯ ಕೈಗೆ ಗಾಯ. ಸಾಹೇಬರು ಗಾಳಿಯಲ್ಲಿ ಒಂದು ಗುಂಡು ಹಾರಿಸಿ ಶರಣಾಗು ಅನ್ನುತ್ತಾರೆ. ಅವನು ಆಗಲ್ಲ. ಎರಡನೇ ಗುಂಡು ಕಾಲಿಗೆ. ಕತ್ತಲು, ಓಡುವ ಮನುಷ್ಯ, ಪೊದೆ, ಗಡಿಬಿಡಿ, ಆದರೂ ಗುಂಡು ಮಂಡಿಯ ಕೆಳಗೇ. ಒಲಿಂಪಿಕ್ಸಿಗೆ ಯಾಕೆ ಬೇರೆಯವರನ್ನು ಕಳಿಸುತ್ತೇವೋ ಗೊತ್ತಿಲ್ಲ. ಹೆಸರು, ಊರು ಬದಲಾಗುತ್ತೆ. ವಾಕ್ಯ ಬದಲಾಗಲ್ಲ. ತಮಾಷೆ ಅಂದ್ರೆ, ತನಿಖೆ ಹೇಗೆ ಮಾಡಬೇಕು ಅಂತ ಹೇಳುವ ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಪ್ರಕಾರ ಶೋಧ, ಜಪ್ತಿ ಎಲ್ಲವನ್ನೂ ಪೊಲೀಸರೇ ವಿಡಿಯೋ ಮಾಡಬೇಕು. ಆದಷ್ಟೂ ಮೊಬೈಲ್ ಫೋನಿನಲ್ಲೇ ಮಾಡಿ ಅಂತ ಕಾನೂನಿನಲ್ಲೇ ಬರೆದಿದೆ. ಅಂದರೆ ಮಚ್ಚು ಜಪ್ತಿ ಮಾಡಲು ಹೋದ ತಂಡದಲ್ಲಿ ಒಬ್ಬರ ಕೈಯಲ್ಲಿ ಫೋನ್ ಇರಲೇಬೇಕಲ್ವಾ? ಇರುತ್ತೆ. ಬಹುಶಃ ಅವರ ಕರ್ತವ್ಯಕ್ಕೂ ಯಾರೋ ಅಡ್ಡಿ ಮಾಡುತ್ತಿರಬೇಕು.

ಠಾಣೆಯ ಒಳಗಿನ ಕಥೆ ಇನ್ನೂ ಚೆಂದ. ಮಹಾರಾಷ್ಟ್ರದ ವಾರ್ಧಾದಲ್ಲಿ ಒಬ್ಬರು ನೆರೆಮನೆಯ ಜಗಳಕ್ಕೆ ಠಾಣೆಗೆ ಹೋದರು. ಅಲ್ಲಿನ ಮಾತುಕತೆಯನ್ನು ಫೋನಿನಲ್ಲಿ ಹಿಡಿದರು. ಅವರ ಮೇಲೆ ಬಿದ್ದದ್ದು 1923ರ ಅಧಿಕೃತ ರಹಸ್ಯ ಕಾಯ್ದೆ. ಬೇಹುಗಾರರಿಗೆ ಅಂತ ಬ್ರಿಟಿಷರು ಮಾಡಿದ್ದು. ಬಂದೂಕಿನ ಕಾರ್ಖಾನೆ, ಯುದ್ಧನೌಕೆ, ವಿಮಾನ ನಿಲ್ಲುವ ಜಾಗ, ಇಂಥವು ಅದರಲ್ಲಿ ನಿಷಿದ್ಧ ಸ್ಥಳ. 2022ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಆ ಪಟ್ಟಿಯಲ್ಲಿ ಪೊಲೀಸ್ ಠಾಣೆ ಇಲ್ಲ ಅಂತ ಹೇಳಿ ಕೇಸು ರದ್ದು ಮಾಡಿತು. ನಾನೂ ಒಮ್ಮೆ ಪಾಸ್‌ಪೋರ್ಟ್ ವೆರಿಫಿಕೇಶನ್‌ಗೆ ಒಂದು ಠಾಣೆಯಲ್ಲಿ ಎರಡು ಗಂಟೆ ಕೂತಿದ್ದೆ. ಶತ್ರು ದೇಶಕ್ಕೆ ಮಾರಬಹುದಾದ ರಹಸ್ಯ ಅಲ್ಲಿ ಒಂದೇ ಇತ್ತು, ಜೆರಾಕ್ಸ್ ಪೇಪರ್ ಬಂಡಲ್ ಅನ್ನು ದೂರು ಕೊಡಲು ಬಂದವರೇ ತರಬೇಕು ಅನ್ನೋದು.

ಸುಪ್ರೀಂ ಕೋರ್ಟು 2020ರ ಡಿಸೆಂಬರ್ 2ರಂದು ಎಲ್ಲ ಠಾಣೆಗಳಿಗೂ ಸಿಸಿಟಿವಿ ಹಾಕಿ ಅಂದಿತು. ಎಲ್ಲೆಲ್ಲಿ ಅಂತಲೂ ಹೇಳಿತು. ಗೇಟು, ಲಾಕಪ್ಪು, ಕಾರಿಡಾರು, ಇನ್ಸ್‌ಪೆಕ್ಟರ್ ಕೋಣೆ, ಶೌಚಾಲಯದ ಹೊರಗೆ, ಠಾಣೆಯ ಹಿಂಭಾಗ. ರಾತ್ರಿಯೂ ಕಾಣಬೇಕು, ಧ್ವನಿಯೂ ಬರಬೇಕು, 18 ತಿಂಗಳು ಇಡಬೇಕು. ಹಿತ್ತಿಲನ್ನೂ ಬಿಡದೆ ಬರೆಯಬೇಕಾಯಿತು ಅಂದರೆ ನ್ಯಾಯಮೂರ್ತಿಗಳಿಗೆ ಇವರ ಪರಿಚಯ ಚೆನ್ನಾಗಿಯೇ ಇತ್ತು ಅಂತಾಯ್ತು. ಐದು ವರ್ಷ ಆಗುತ್ತಾ ಬಂದಾಗ, 2025ರ ಸೆಪ್ಟೆಂಬರಿನಲ್ಲಿ, ರಾಜಸ್ಥಾನದಲ್ಲಿ ಕೆಲವೇ ತಿಂಗಳಲ್ಲಿ 11 ಮಂದಿ ಪೊಲೀಸ್ ವಶದಲ್ಲಿ ಸತ್ತ ವರದಿ ಓದಿ ಅದೇ ಕೋರ್ಟು ತಾನಾಗಿಯೇ ಮತ್ತೆ ಕೇಸು ಕೈಗೆತ್ತಿಕೊಂಡಿತು. ಕ್ಯಾಮೆರಾ ಎಲ್ಲಿ ಅಂತ. ಇದ್ದಲ್ಲಿ ಕೆಟ್ಟಿರುತ್ತೆ. ಕೆಡದಿದ್ದರೆ ಕರೆಂಟ್ ಹೋಗಿರುತ್ತೆ. ದೇವಸ್ಥಾನದ ಹುಂಡಿ ಮುಂದಿನ ಕ್ಯಾಮೆರಾಗೆ ಮಾತ್ರ ಈ ಕಾಯಿಲೆಗಳು ಬರಲ್ಲ.

ತಮಿಳುನಾಡಿನ ಸಾತಾನ್‌ಕುಳಂ ಹೆಸರು ನೆನಪಿದೆಯಲ್ಲ? 2020ರ ಜೂನ್. ಲಾಕ್‌ಡೌನ್ ಹೊತ್ತು ಮೀರಿ ಮೊಬೈಲ್ ಅಂಗಡಿ ತೆರೆದಿದ್ದರು ಅಂತ ಅಪ್ಪ ಮಗ ಇಬ್ಬರನ್ನೂ ಠಾಣೆಗೆ ಕರೆದೊಯ್ದರು. ಕೆಲವೇ ದಿನದಲ್ಲಿ ಇಬ್ಬರೂ ಸತ್ತರು. ವಿಚಾರಣೆಗೆ ಹೋದ ಮ್ಯಾಜಿಸ್ಟ್ರೇಟರು ಸಿಸಿಟಿವಿ ನೋಡಿದರೆ, ಹಾರ್ಡ್ ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿತ್ತು. ಆದರೆ ದಿನದ ದೃಶ್ಯ ದಿನಕ್ಕೇ ಅಳಿಸಿಹೋಗುವಂತೆ ಇಟ್ಟಿದ್ದರು. ಇದಕ್ಕೆ ನನಗೆ ಜೋಕ್ ಹೊಳೆಯುತ್ತಿಲ್ಲ. ಒಬ್ಬರು ಕುರ್ಚಿಯಲ್ಲಿ ಕೂತು, ಮೌಸ್ ಹಿಡಿದು, ಆ ಸೆಟ್ಟಿಂಗ್ ಹುಡುಕಿ ಬದಲಾಯಿಸಿರಬೇಕಲ್ಲ. ಅದೂ ಒಂದು ಕೆಲಸ. ಅದಕ್ಕೂ ಸಂಬಳ ನಮ್ಮ ತೆರಿಗೆಯಿಂದಲೇ. ಆಮೇಲೆ ಬೀದಿಯಲ್ಲಿ ಒಬ್ಬ ಹುಡುಗ ಫೋನ್ ಎತ್ತಿದರೆ ಅವನು ಅಪರಾಧಿ. ಸಾಕಾಗಿದೆ ಕಣ್ರೀ.

ಕೆಲವೊಮ್ಮೆ ಸಾಕ್ಷಿಯನ್ನು ಅವರೇ ಒದಗಿಸುತ್ತಾರೆ, ಅದನ್ನೂ ಹೇಳಬೇಕು. 2022ರ ಡಿಸೆಂಬರಿನಲ್ಲಿ ಬೆಂಗಳೂರಿನ ಮಾನ್ಯತಾ ಟೆಕ್ ಪಾರ್ಕ್ ಹತ್ತಿರ ಬರ್ತ್‌ಡೇ ಮುಗಿಸಿ ಮನೆಗೆ ನಡೆದು ಹೋಗುತ್ತಿದ್ದ ಗಂಡ ಹೆಂಡತಿಗೆ, ರಾತ್ರಿ 11ರ ಮೇಲೆ ರಸ್ತೆಯಲ್ಲಿ ನಡೆಯಬಾರದು ಅಂತ ದಂಡ ಕೇಳಿದರು. ಮೂರು ಸಾವಿರದಿಂದ ಚೌಕಾಸಿ ಮಾಡಿ ಸಾವಿರಕ್ಕೆ ಇಳಿಯಿತು. ಇಸಿದುಕೊಂಡದ್ದು ಹೇಗೆ? ಪೇಟಿಎಂ ಕ್ಯೂಆರ್ ಕೋಡ್ ತೋರಿಸಿ! ಇಬ್ಬರು ಅಮಾನತಾದರು. ನೋಟಿನಲ್ಲಿ ತೆಗೆದುಕೊಳ್ಳುತ್ತಿದ್ದ ಹಳೇ ತಲೆಮಾರಿನ ಪೇದೆಗಳು ಆ ದಿನ ಎಷ್ಟು ನೊಂದುಕೊಂಡರೋ.

ಸರ್ಕಲ್ಲಿನ ಹುಡುಗನಿಗೆ ಕಾಲು ಗಂಟೆ ಬಿಟ್ಟು ಕೀ ಸಿಕ್ಕಿತು. ಎಷ್ಟಕ್ಕೆ ಸಿಕ್ಕಿತೋ ನಾನು ನೋಡಲಿಲ್ಲ, ಟೀ ಲೋಟದೊಳಗೆ ನೋಡುತ್ತಿದ್ದೆ. ಸಾಹೇಬರ ಎದೆ ಮೇಲಿನ ಹೆಸರೂ ಕಾಣಲಿಲ್ಲ. ಹೆಸರಿನ ಪಟ್ಟಿ ಕಾಣುವಂತೆ ಇರಬೇಕು ಅಂತ ಸುಪ್ರೀಂ ಕೋರ್ಟು ಹೇಳಿದ್ದು 1996ರಲ್ಲಿ, ಅದರ ಮೇಲೆ ಜರ್ಕಿನ್ ಹಾಕಬಾರದು ಅಂತ ಅಲ್ಲವಲ್ಲ. ಹುಡುಗ ಬೈಕ್ ತಳ್ಳಿಕೊಂಡು ನಾನಿದ್ದಲ್ಲಿಗೇ ಬಂದ.

"ಅಂಕಲ್, ನೀವಾದ್ರೂ ವಿಡಿಯೋ ಮಾಡಿದ್ರಾ?"

"ಇಲ್ಲಪ್ಪ," ಅಂದೆ. "ನನ್ನ ಫೋನಿನ ಕ್ಯಾಮೆರಾ ಕೆಟ್ಟಿದೆ."