ಸ್ಪಾನ್ಸರ್ ಸಾಹೇಬರಿಗೆ ಒಂದು ಜೋಕೂ ಇಲ್ಲವೇ?

ನಿನ್ನೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಸ್ಟ್ಯಾಂಡಪ್ ಶೋ ನೋಡಿ ಬಂದಾಗಿನಿಂದ ತಲೆ ಕೆಟ್ಟಿದೆ. ಜನರನ್ನು ಬೈದು ನಗಿಸುವುದು ಆ ಹುಡುಗನ ಸ್ಟೈಲ್. ಅದಕ್ಕೆ ನನ್ನ ತಕರಾರಿಲ್ಲ. ಬೈದೇ ನಗಿಸುತ್ತಿದ್ದ ಅಮೆರಿಕದ ಹಾಸ್ಯಗಾರ ಡಾನ್ ರಿಕಲ್ಸ್ ಅಂದರೆ ನನಗೆ ಎಷ್ಟು ಹುಚ್ಚು ಅಂತ ನಿಮಗೇ ಗೊತ್ತಲ್ಲ.

ಮುಂದಿನ ಸಾಲಿನಲ್ಲಿ ಗದಗ ಕಡೆಯ ಹಿರಿಯರೊಬ್ಬರು ಕೂತಿದ್ದರು. ಧೋತರ, ಬಿಳಿ ಟೋಪಿ, ಪಕ್ಕದಲ್ಲಿ ಮೊಮ್ಮಗಳು. "ಏನ್ ಕಾಕಾ, ಸಂತಿಗೆ ಹೊಂಟವ್ರು ದಾರಿ ತಪ್ಪಿ ಇಲ್ಲಿ ಬಂದ್ರೇನು?" ಅಂತ ಶುರುವಾಯಿತು. ಟೋಪಿ, ಹಲ್ಲು, ಮಾತಿನ ಧಾಟಿ, ಒಂದನ್ನೂ ಬಿಡಲಿಲ್ಲ. ಅವರು ಟೋಪಿ ತೆಗೆದು ತೊಡೆ ಮೇಲೆ ಇಟ್ಟುಕೊಂಡರು. ಎರಡು ಕುರ್ಚಿ ಆಚೆ ಶೋಗೆ ದುಡ್ಡು ಹಾಕಿದ ಸಾಹೇಬರಿದ್ದರು. ಅವರಿಗೆ ಕೈ ಮುಗಿದು "ಎಲ್ಲಾ ನಿಮ್ಮ ಆಶೀರ್ವಾದ ಸರ್" ಅಂದ. ಅಷ್ಟೇ.

ರಿಕಲ್ಸ್ ನಟನಾಗಬೇಕು ಅಂತ ನ್ಯೂಯಾರ್ಕಿನಲ್ಲಿ ಕಲಿತವನು. ಪಾತ್ರ ಸಿಗದೆ ಕ್ಲಬ್ಬುಗಳಲ್ಲಿ ಜೋಕ್ ಹೇಳಲು ನಿಂತ. ತಯಾರಿ ಮಾಡಿಕೊಂಡು ಹೋದ ಜೋಕಿಗಿಂತ, ಕೆಣಕಿದವರಿಗೆ ಕೊಟ್ಟ ತಿರುಗೇಟಿಗೇ ಜಾಸ್ತಿ ನಗು ಬಂತು. ಅವನ ಬೈಗುಳ ಹುಟ್ಟಿದ್ದೇ ಹಾಗೆ. ಸುಮ್ನೆ ಕೂತವರ ಮೇಲೆ ಅಲ್ಲ. 1957ರಲ್ಲಿ ಫ್ರಾಂಕ್ ಸಿನಾತ್ರಾ ಅವನ ಶೋಗೆ ಬಂದ. ದೊಡ್ಡ ಗಾಯಕ, ಸಿಟ್ಟು ಬಂದರೆ ಕೈ ಮಾಡುವವನು ಅಂತ ಹೆಸರು. ರಿಕಲ್ಸ್‌ಗೆ ಇನ್ನೂ ಅಂಥ ಹೆಸರಿರಲಿಲ್ಲ. ಆದರೂ ಅಂದ: "ಬಾ ಫ್ರಾಂಕ್, ನಿನ್ನ ಮನೆ ಅಂತಲೇ ತಿಳಿ. ಯಾರಿಗಾದರೂ ಒಂದು ಬಾರಿಸು." ಸಿನಾತ್ರಾ ಬಿದ್ದು ಬಿದ್ದು ನಕ್ಕ, ದೋಸ್ತನೇ ಆಗಿಬಿಟ್ಟ. 1985ರಲ್ಲಿ ರೊನಾಲ್ಡ್ ರೇಗನ್ ಎರಡನೇ ಸಲ ಅಮೆರಿಕದ ಅಧ್ಯಕ್ಷನಾದ ಸಮಾರಂಭದಲ್ಲಿ, "ನನ್ನ ಮಾತಿನ ಸ್ಪೀಡ್ ಜಾಸ್ತಿ ಆಯ್ತಾ ರೊನ್ನಿ?" ಅಂತ ಅಧ್ಯಕ್ಷನನ್ನೇ ಕೇಳಿದ. ಜನಾಂಗ ಹಿಡಿದು ಅವನು ಆಡಿದ ಎಷ್ಟೋ ಜೋಕು ನನಗೂ ಸೇರುವುದಿಲ್ಲ. ಆದರೆ 2017ರಲ್ಲಿ, 90ನೇ ವಯಸ್ಸಿಗೆ ತೀರಿಕೊಳ್ಳುವವರೆಗೂ ದೊಡ್ಡವರನ್ನು ಕಂಡು ನಾಲಿಗೆ ಮಡಚಿದವನಲ್ಲ.

"ನಮ್ಮ ಹುಬ್ಬಳ್ಳಿ ಮಂದಿ ಬೈಯೋದೇ ಪ್ರೀತಿಯಿಂದ, ಸುಮ್ನೆ ಚಾಷ್ಟಿ, ತಮಾಷೆ" ಅಂತ ಗೆಳೆಯನ ವಾದ. ಕಟ್ಟೆ ಮೇಲೆ ಚಾಷ್ಟಿ ಮಾಡಿದರೆ ಎದುರಿನವನೂ ತಿರುಗಿ ನಾಲ್ಕು ಮಾತು ಅಂತಾನೆ. ಕಾಕಾನ ಕೈಯಲ್ಲಿ ಮೈಕ್ ಎಲ್ಲಿತ್ತು? ಅವರೂ ನಕ್ಕರಲ್ಲ ಅಂತೀರಾ? ಸುತ್ತ ಎಲ್ಲರೂ ಮೊಬೈಲ್ ಎತ್ತಿ ಹಿಡಿದಿರುವಾಗ, ಮೊಮ್ಮಗಳ ಪಕ್ಕ ಕೂತ ಮನುಷ್ಯ ಇನ್ನೇನು ಮಾಡಬೇಕಿತ್ತು?

ತಮ್ಮಾ, ನೀನು ಜಾಣ. ನಿನ್ನ ಟೈಮಿಂಗ್ ಚೆನ್ನಾಗಿದೆ, ಮನಸಾರೆ ಹೇಳುತ್ತಿದ್ದೇನೆ. ಆದರೆ ಕಾಕಾನ ಆ ವಿಡಿಯೊ ಬೆಳಿಗ್ಗೆಯೇ ನಿನ್ನ ಪೇಜಿಗೆ ಬಂದಿದೆ. ಅವರನ್ನು ಕೇಳಿ ಹಾಕಿದೆಯಾ? ಕೇಳಿಲ್ಲ ಅಂದರೆ ಇವತ್ತೇ ತೆಗಿ.